ಹೊಂದದ ಸ್ವರಗಳ ಹಟ

ಕೇಳುಗರಿಗೆ ನಮಸ್ಕಾರ. ಬೆಂಗಳೂರಿಗೆ ಹೆವಿ ಮೆಟಲ್ ಸಂಗೀತ ಹೊಸದೇನಲ್ಲ. ಕ್ರಿಪ್ಟೋಸ್ ತಂಡ 1998ರಲ್ಲಿ ಹುಟ್ಟಿದ್ದು ಈ ಊರಿನಲ್ಲಿಯೇ. ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ನುಡಿಸಿದ್ದನ್ನು ಇಲ್ಲಿನ ರಸಿಕರು ಇಂದಿಗೂ ನೆನೆಯುತ್ತಾರೆ. ಆದರೆ ಆ ತಂಡಗಳ ಹಾಡುಗಳಲ್ಲಿ ಗುನುಗಿಕೊಳ್ಳಬಹುದಾದ ಒಂದು ಎಳೆ ಇದ್ದೇ ಇರುತ್ತದೆ. ಅಂಥ ಎಳೆಯನ್ನು ಬೇಕೆಂದೇ ಕಡಿದುಹಾಕಿದ ಒಂದು ಆಲ್ಬಮ್ಮಿನ ಬಗ್ಗೆ ನಾನು ಈ ಹೊತ್ತು ಮಾತನಾಡಲಿದ್ದೇನೆ. ಫ್ರಾನ್ಸಿನ ಟುಲೂಸ್ ನಗರದ ಪ್ಲೆಬಿಯನ್ ಗ್ರ್ಯಾಂಡ್‌ಸ್ಟ್ಯಾಂಡ್ ತಂಡ 2016ರಲ್ಲಿ ಹೊರತಂದ ಆ ಆಲ್ಬಮ್ಮಿನ ಹೆಸರು 'ಫಾಲ್ಸ್ ಹೈಸ್, ಟ್ರೂ ಲೋಸ್'.

ಇದರಲ್ಲಿ ಎರಡು ಮನೆತನಗಳ ರಕ್ತವಿದೆ. ಒಂದು, 1990ರ ದಶಕದ ಆರಂಭದಲ್ಲಿ ನಾರ್ವೆಯಲ್ಲಿ ರೂಪುಗೊಂಡ ಬ್ಲ್ಯಾಕ್ ಮೆಟಲ್. ಅಲ್ಲಿ ಇಗರ್ಜಿಗಳಿಗೆ ಬೆಂಕಿ ಬಿದ್ದ ಕಥೆಯನ್ನೇ ಎಲ್ಲರೂ ಮೊದಲು ಹೇಳುವುದರಿಂದ ಆ ಸಂಗೀತದ ರಚನೆಯ ಮಾತು ಹಿಂದೆಯೇ ಉಳಿದುಬಿಡುತ್ತದೆ. ಗಿಟಾರಿನ ತಂತಿಯನ್ನು ಎಡೆಬಿಡದೆ ಮೀಟುತ್ತ, ಡ್ರಮ್ಮಿನ ಒಂದೇ ಸಮನಾದ ಓಟದ ಮೇಲೆ ಒಂದು ವಿಷಣ್ಣ ಸ್ವರಪಂಕ್ತಿಯನ್ನು ನಿಮಿಷಗಟ್ಟಲೆ ಹರಡುವುದು ಆ ರಚನೆಯ ತಿರುಳು. 1994ರಲ್ಲಿ ಬಂದ ಡಾರ್ಕ್‌ಥ್ರೋನ್ ತಂಡದ 'ಟ್ರಾನ್ಸಿಲ್ವೇನಿಯನ್ ಹಂಗರ್' ಇದರ ಶುದ್ಧ ಮಾದರಿ. ಇನ್ನೊಂದು, 1980ರ ಸುಮಾರಿಗೆ ಅಮೆರಿಕದಲ್ಲಿ, ವಾಷಿಂಗ್ಟನ್‌ನ ಬ್ಯಾಡ್ ಬ್ರೇನ್ಸ್, ಮೈನರ್ ಥ್ರೆಟ್ ಮುಂತಾದ ತಂಡಗಳಿಂದ ಬೆಳೆದ ಹಾರ್ಡ್‌ಕೋರ್ ಪಂಕ್: ಚುಟುಕು ಹಾಡುಗಳು, ಬಿಚ್ಚುಗಂಟಲಿನ ಕೂಗು, ಥಟ್ಟನೆ ನಿಲ್ಲುವ ಲಯ. ಟುಲೂಸಿನ ಈ ತಂಡ ಹುಟ್ಟಿದ್ದು ಈ ಎರಡನೆಯ ಮನೆಯಲ್ಲಿ. ಮೊದಲನೆಯದಕ್ಕೆ ಅದು ನಡೆದುಬಂದದ್ದು ಆಮೇಲೆ. ಆಲ್ಬಮ್ಮನ್ನು ಕೇಳುವಾಗ ಈ ಹಿನ್ನೆಲೆ ಮನಸ್ಸಿನಲ್ಲಿರಬೇಕು.

ಮೊದಲ ಬಾರಿ ಕೇಳಿದವರು ಇದನ್ನು ಬರೀ ಗದ್ದಲ ಎನ್ನುತ್ತಾರೆ. ಅದು ಗದ್ದಲವಲ್ಲ ಎನ್ನಲು ಕಾರಣವಿದೆ, ಮತ್ತು ಆ ಕಾರಣವನ್ನು ಚಾಮರಾಜಪೇಟೆಯ ರಾಮೋತ್ಸವದಲ್ಲಿ ಕುಳಿತು ಕಚೇರಿ ಕೇಳಿದ ಕಿವಿ ಬೇಗ ಹಿಡಿಯಬಲ್ಲದು. ರಾಕ್ ಸಂಗೀತದ ಗಿಟಾರ್ ಸಾಮಾನ್ಯವಾಗಿ ಷಡ್ಜ ಪಂಚಮಗಳನ್ನು ಜೊತೆಯಾಗಿ ನುಡಿಸುತ್ತದೆ. ಅವುಗಳ ಕಂಪನ ಎರಡಕ್ಕೆ ಮೂರರ ಅನುಪಾತದಲ್ಲಿರುವುದರಿಂದ, ಧ್ವನಿಯನ್ನು ಒಡೆಯುವ ಡಿಸ್ಟಾರ್ಷನ್ ಆ ಎರಡರ ವ್ಯತ್ಯಾಸದಿಂದ ಹುಟ್ಟಿಸುವ ಹೊಸ ಸ್ವರವೂ ಒಂದು ಸ್ಥಾಯಿ ಕೆಳಗಿನ ಷಡ್ಜವೇ ಆಗುತ್ತದೆ. ಒಡೆದಷ್ಟೂ ನಾದ ತುಂಬಿಕೊಳ್ಳುತ್ತದೆ. ಅದೇ ಷಡ್ಜದ ಜೊತೆಗೆ, ಅದಕ್ಕೆ ಅಂಟಿಕೊಂಡಂತೆ ಇರುವ ಶುದ್ಧ ರಿಷಭವನ್ನು ಇಟ್ಟು ನೋಡಿ. ಒಂದು ತಂತಿ ಸೆಕೆಂಡಿಗೆ 440 ಸಲ, ಪಕ್ಕದ್ದು ಸುಮಾರು 466 ಸಲ ಕಂಪಿಸಿದರೆ, ಸೆಕೆಂಡಿಗೆ 26ರಷ್ಟು ಮಿಡಿತಗಳ ಒಂದು ಒರಟುತನ ಕಿವಿಗೆ ತಾಗುತ್ತದೆ, ಡಿಸ್ಟಾರ್ಷನ್ ಅದನ್ನು ಇನ್ನಷ್ಟು ದಪ್ಪವಾಗಿಸುತ್ತದೆ. ತಂಬೂರಿಯ ಶ್ರುತಿಯ ಮೇಲೆ ಗೌಳ ರಾಗದ ರಿಷಭ ನಿಂತಾಗ ಆಗುವ ಸಣ್ಣ ಉಜ್ಜಾಟ ನಮಗೆ ಪರಿಚಿತವೇ. ನಮ್ಮ 72 ಮೇಳಕರ್ತ ರಾಗಗಳಲ್ಲಿ 40 ವಿವಾದಿ ಮೇಳಗಳು, ಅಂದರೆ ಒಂದಕ್ಕೊಂದು ಒಗ್ಗದ ಸ್ವರಗಳು ಅಕ್ಕಪಕ್ಕ ಬರುವಂಥವು. ಮೊದಲ ಮೇಳವಾದ ಕನಕಾಂಗಿಯಲ್ಲಿ ಷಡ್ಜ, ಶುದ್ಧ ರಿಷಭ, ಶುದ್ಧ ಗಾಂಧಾರ ಮೂರೂ ಒಂದಕ್ಕೊಂದು ಒತ್ತಿಕೊಂಡೇ ಕೂತಿರುತ್ತವೆ. ಆದರೆ ನಮ್ಮ ಗಾಯಕರು ಆ ಸ್ವರಗಳನ್ನು ಒಂದಾದ ಮೇಲೊಂದರಂತೆ, ಗಮಕದಿಂದ ಸವರಿ ಹಾಡುತ್ತಾರೆ. ಈ ಫ್ರೆಂಚರು ಅವನ್ನು ಏಕಕಾಲಕ್ಕೆ ನುಡಿಸಿ, ಸವರದೆ, ಬಿಡುಗಡೆಯನ್ನೂ ಕೊಡದೆ, ಇನ್ನೊಂದು ಅಂಥದೇ ಗುಂಪಿಗೆ ಜಾರುತ್ತಾರೆ. ಅವರು ಇಡುವ ಪ್ರತಿಯೊಂದು ಸ್ವರವೂ ಲೆಕ್ಕದ್ದು.

ಹೀಗೆ ಸ್ವರಗಳನ್ನು ತಿಕ್ಕುವುದು ಇವರ ಆವಿಷ್ಕಾರವಲ್ಲ. ಫ್ರಾನ್ಸಿನಲ್ಲಿಯೇ ಡೆತ್‌ಸ್ಪೆಲ್ ಒಮೆಗಾ ಎಂಬ ಬ್ಲ್ಯಾಕ್ ಮೆಟಲ್ ತಂಡ 2004ರ ಹೊತ್ತಿಗೆ ಆ ದಾರಿ ತೆರೆದಿತ್ತು, ನಂತರ ಅನುಕರಿಸಿದವರು ಬಹಳ. ಅವರಲ್ಲಿ ಹೆಚ್ಚಿನವರು ಸೋಲುವುದು ಒಂದೇ ಕಡೆ: ಡ್ರಮ್ ನಿಮಿಷಕ್ಕೆ 200ಕ್ಕೂ ಮಿಕ್ಕಿದ ಬಡಿತಗಳ ವೇಗದಲ್ಲಿ ತೆರಪಿಲ್ಲದೆ ಓಡುತ್ತಿದ್ದರೆ ಸ್ವಲ್ಪ ಹೊತ್ತಿಗೆ ಆ ಓಟ ನಿಶ್ಚಲವಾಗಿ ಕೇಳಿಸತೊಡಗುತ್ತದೆ, ಅಪಸ್ವರವೂ ಮಂಜಿನಂತೆ ಹರಡಿ ತನ್ನ ಮೊನೆ ಕಳೆದುಕೊಳ್ಳುತ್ತದೆ. ಹಾರ್ಡ್‌ಕೋರ್ ನೆರವಿಗೆ ಬರುವುದು ಇಲ್ಲಿಯೇ. ಓಟವನ್ನು ಒಮ್ಮೆಲೇ ಕತ್ತರಿಸುವುದು, ನಡೆಯನ್ನು ಅರ್ಧಕ್ಕಿಳಿಸಿ ಭಾರವಾಗಿ ಹೆಜ್ಜೆ ಹಾಕುವುದು, ಕೇಳುಗ ನೆಲೆ ಕಂಡುಕೊಳ್ಳುವ ಮೊದಲೇ ಮತ್ತೆ ಧುಮುಕುವುದು, ಇವೆಲ್ಲ ಆ ಹಳೆಯ ಮನೆಯ ಪಾಠಗಳು. ಪ್ರತಿ ತಡೆಯ ನಂತರವೂ ತಿಕ್ಕಾಟ ಹೊಸದಾಗಿ ಚುಚ್ಚುತ್ತದೆ. ಕೂಗಿನ ರೀತಿಯೂ ಬೇರೆ: ನಾರ್ವೆಯ ಗಾಯಕರು ಎಲ್ಲೋ ದೂರದ ಗವಿಯಿಂದ ಕಿರುಚಿದಂತಿದ್ದರೆ, ಇಲ್ಲಿ ಒಬ್ಬ ಮನುಷ್ಯ ನಮ್ಮ ಎದುರಿಗೇ ನಿಂತು ಗಂಟಲು ಹರಿದುಕೊಳ್ಳುತ್ತಿದ್ದಾನೆ.

ಕೊರತೆ ಇಲ್ಲವೆಂದಲ್ಲ. ಆ ಕಂಠ ಕೊನೆಯವರೆಗೂ ಒಂದೇ ತೀವ್ರತೆಯಲ್ಲಿರುತ್ತದೆ. ನಡೆ ತಗ್ಗಿದಾಗ ಧ್ವನಿಯೂ ಒಂದಿಷ್ಟು ತಗ್ಗಿದ್ದರೆ ಆ ಭಾಗಗಳು ಇನ್ನೂ ಆಳಕ್ಕೆ ಇಳಿಯುತ್ತಿದ್ದವು. ಇಡೀ ಆಲ್ಬಮ್ಮನ್ನು ಒಂದೇ ಪಟ್ಟಿನಲ್ಲಿ ಕೇಳಿದರೆ ಆಯಾಸವಾಗುವುದು ಸಹಜ, ಹಾಗಾಗಿ ಹೊಸಬರು ಒಂದೆರಡು ಹಾಡುಗಳನ್ನಷ್ಟೇ ಎತ್ತಿಕೊಂಡು, ಡ್ರಮ್ ಎಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ಗಮನವಿಟ್ಟು ಕೇಳುವುದು ಲೇಸು. ತಂಡ 2021ರಲ್ಲಿ 'ರಿಯಾಂ ನ ಸ್ಯುಫಿ' ಎಂಬ ಮುಂದಿನ ಆಲ್ಬಮ್ಮಿನಲ್ಲಿ ಎಲೆಕ್ಟ್ರಾನಿಕ್ ಸದ್ದುಗಳನ್ನೂ ಬೆರೆಸಿತು, ವಿಮರ್ಶಕರಲ್ಲಿ ಕೆಲವರಿಗೆ ಅದೇ ಹೆಚ್ಚು ಮೆಚ್ಚಿಗೆ. ನನ್ನ ಒಲವು 2016ರದರ ಕಡೆಗೇ. ಗಿಟಾರ್, ಡ್ರಮ್, ಕಂಠಗಳಷ್ಟೇ ಮುಂದೆ ನಿಂತಿರುವಾಗ, ಯಾವ ಸ್ವರ ಯಾವುದರ ಜೊತೆ ಜಗಳಕ್ಕಿಳಿದಿದೆ ಎಂಬುದು ಅಲ್ಲಿ ಸ್ಪಷ್ಟವಾಗಿ ಕೇಳುತ್ತದೆ.