ಕೂಡಿಸಿ ನೋಡಬಾರದ ಸಂಬಳ

ನಮಸ್ಕಾರ. ಇವತ್ತು ಒಂದು ಕರಾರುಪತ್ರದಿಂದ ಶುರು ಮಾಡ್ತೀನಿ. ಒಬ್ಬ ಪೊಲೀಸ್ ಮುಖ್ಯಸ್ಥರು ಕೆಲಸಕ್ಕೆ ಸೇರುವಾಗ ಆದ ಕರಾರು. ಅದರಲ್ಲಿ ವರ್ಷಕ್ಕೆ ಇಷ್ಟು ಅಂತ ಇಲ್ಲ, ತಿಂಗಳಿಗೆ ಇಷ್ಟು ಅಂತಲೂ ಇಲ್ಲ. ಒಂದು "ಪೇ ಪೀರಿಯಡ್"ಗೆ ಹದಿನೇಳೂವರೆ ಸಾವಿರ ಡಾಲರ್ ಚಿಲ್ಲರೆ, ಅಷ್ಟೇ. ಪೀರಿಯಡ್ ಅಂದ್ರೆ ಎಷ್ಟು ದಿನ? ಆ ಕಾಗದದಲ್ಲಿ ಎಲ್ಲೂ ಬರೆದಿಲ್ಲ.

ನಾವೇ ಕೂಡಿಸೋಣ. ಎರಡು ವಾರಕ್ಕೊಂದು ಸಲ ಸಂಬಳ ಅಂದ್ರೆ ವರ್ಷಕ್ಕೆ 26 ಸಲ. ಆಗುತ್ತೆ 4,57,000 ಡಾಲರ್. ಆಗಿನ ರೂಪಾಯಿ ಲೆಕ್ಕದಲ್ಲಿ ಎರಡು ಕೋಟಿಗೂ ಮೇಲೆ.

ಊರು ಯಾವುದು ಗೊತ್ತಾ? ಕ್ಯಾಲಿಫೋರ್ನಿಯಾದ ಬೆಲ್. ಲಾಸ್ ಏಂಜಲೀಸ್ ಪಕ್ಕದಲ್ಲೇ ಇದೆ. ಆರೂವರೆ ಚದರ ಕಿಲೋಮೀಟರ್, ಸುಮಾರು 35,000 ಜನ, ಬಹುತೇಕ ಲ್ಯಾಟಿನೋ ಕುಟುಂಬಗಳು, ದುಡಿದು ತಿನ್ನೋರು. ಮುಖ್ಯಸ್ಥರ ಹೆಸರು ರ‍್ಯಾಂಡಿ ಆಡಮ್ಸ್, 2009ರಲ್ಲಿ ಬಂದವರು. ಲಾಸ್ ಏಂಜಲೀಸ್‌ನಂಥ ಮಹಾನಗರದ ಪೊಲೀಸ್ ಮುಖ್ಯಸ್ಥರಿಗೇ ಆಗ ಮೂರು ಲಕ್ಷ ಡಾಲರ್ ಆಸುಪಾಸು. ಈ ಪುಟ್ಟ ಊರಿನವರಿಗೆ ಅದರ ಒಂದೂವರೆ ಪಟ್ಟು!

ನಮ್ಮ ಕಡೆಯವರಿಗೆ ಇದು ವಿಚಿತ್ರ ಅನಿಸಬಹುದು. ನಮ್ಮಲ್ಲಿ ಪುರಸಭೆಗೂ ಪೊಲೀಸರಿಗೂ ಸಂಬಂಧ ಇಲ್ಲ. ಎಸ್‌ಪಿ ಸಾಹೇಬರು ಸಂಬಳಕ್ಕೆ ಚೌಕಾಸಿ ಮಾಡೋ ಹಾಗಿಲ್ಲ, ವೇತನ ಆಯೋಗದ ಶ್ರೇಣಿ ಎಷ್ಟೋ ಅಷ್ಟೇ. ಅಮೆರಿಕದಲ್ಲಿ ಹಾಗಲ್ಲ. ಎಷ್ಟೋ ಊರುಗಳಿಗೆ ಅವರದೇ ಪೊಲೀಸ್ ಇಲಾಖೆ, ಅವರದೇ ಕರಾರು. ನಗರದ ಮ್ಯಾನೇಜರ್, ಅಂದ್ರೆ ಊರಿನ ಚುನಾಯಿತ ಕೌನ್ಸಿಲ್ ನೇಮಿಸಿದ ಆಡಳಿತಾಧಿಕಾರಿ, ಕೂತು ಮಾತಾಡ್ತಾರೆ, ಸಹಿ ಹಾಕ್ತಾರೆ.

ಬೆಲ್‌ನ ಮ್ಯಾನೇಜರ್ ರಾಬರ್ಟ್ ರಿಜ್ಜೊ. ಅವರ ಸಂಬಳವೇ ವರ್ಷಕ್ಕೆ ಸುಮಾರು 7,87,000 ಡಾಲರ್. ಅವರ ಕೈಕೆಳಗೆ ಸಹಾಯಕಿ ಆಂಜೆಲಾ ಸ್ಪಾಚಿಯಾ. ಆಕೆ ಆಡಮ್ಸ್‌ಗೆ ಬರೆದ ಇಮೇಲ್‌ಗಳು ಆಮೇಲೆ ಕೋರ್ಟಿಗೆ ಬಂದವು. ಒಂದರಲ್ಲಿ ಬಿಡಿಸಿ ಬರೆದಿದ್ದಾರೆ: ನಮ್ಮ ಸಂಬಳದ ಮೇಲೆ ಯಾರ ಕಣ್ಣೂ ಬೀಳದ ಹಾಗೆ ಕರಾರು ಬರೆದಿದ್ದೀವಿ, ಯಾರಾದರೂ ಕೂತು ಕೂಡಿಸಿಬಿಟ್ಟಾರು ಅಂತಲೇ "ಪೇ ಪೀರಿಯಡ್" ಅಂದ್ರೇನು ಅಂತ ಹೇಳಿಲ್ಲ. ಇನ್ನೊಂದರಲ್ಲಿ ಆಡಮ್ಸ್ ತಮಾಷೆಗೆ, ಬೆಲ್‌ನ ದುಡ್ಡೆಲ್ಲ ತಗೊಳ್ಳೋಕೆ ಬರ್ತಿದ್ದೀನಿ, ಅಲ್ಲಲ್ಲ, ನನ್ನ ಪಾಲು ಮಾತ್ರ ಅಂತಾರೆ. ಆಕೆ, ಬನ್ನಿ, ಎಲ್ಲರೂ ಸೇರಿ ಕೊಬ್ಬೋಣ, ಆದ್ರೆ ಅತಿಯಾಗಿ ಕೊಬ್ಬಿದ ಹಂದಿಗೇ ಕತ್ತಿ ಬೀಳೋದು, ಅಂತಾರೆ. ತಮಾಷೆ ಅಂತಲೇ ಇಟ್ಕೊಳ್ಳಿ. ತಮಾಷೆ ಮಾಡೋಕಾದ್ರೂ ವಿಷಯ ಏನು ಅಂತ ಗೊತ್ತಿರಬೇಕಲ್ಲ?

ಇದಕ್ಕೂ ಮೊದಲು, 2008ರಲ್ಲಿ, ಊರಿನ ಒಬ್ಬರು ಸಿಟಿ ಹಾಲ್‌ಗೆ ಹೋಗಿ ಮ್ಯಾನೇಜರ್ ಸಂಬಳ ಎಷ್ಟು ಅಂತ ಅಧಿಕೃತವಾಗಿ ಕೇಳಿದ್ದರು. ಕೈಗೆ ಸಿಕ್ಕ ಕಾಗದದಲ್ಲಿ ತಿಂಗಳಿಗೆ 15,478 ಡಾಲರ್ ಅಂತಿತ್ತು. ಹಸಿ ಸುಳ್ಳು. ಆತ ಆ ಕಾಗದ ಹಿಡ್ಕೊಂಡು ಮನೆಗೆ ಹೋಗಿದ್ದನ್ನ ನೆನಸಿಕೊಂಡ್ರೆ ನನಗೆ ಸಂಬಳದ ಮೊತ್ತಕ್ಕಿಂತ ಅದೇ ಹೆಚ್ಚು ಸಿಟ್ಟು ತರಿಸುತ್ತೆ.

2010ರ ಜುಲೈನಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಎಲ್ಲವನ್ನೂ ಬಯಲಿಗೆ ತಂತು. ಕೆಲವೇ ದಿನಗಳಲ್ಲಿ ಮೂವರೂ ರಾಜೀನಾಮೆ ಕೊಟ್ಟರು. ಕಥೆ ಇಲ್ಲಿಗೆ ಮುಗೀತು ಅಂದ್ಕೋಬೇಡಿ. ಅಸಲಿ ಕಾನೂನು ಜಗಳ ಶುರುವಾಗಿದ್ದೇ ಆಮೇಲೆ, ಪೆನ್ಷನ್ ವಿಷಯದಲ್ಲಿ.

ಲೆಕ್ಕ ನೋಡಿ. ಅವರಂಥವರಿಗೆ ಅಲ್ಲಿ ಪೆನ್ಷನ್ ಅಂದ್ರೆ, ಅತಿ ಹೆಚ್ಚು ಸಂಬಳ ಪಡೆದ ವರ್ಷ ಮತ್ತು ಒಟ್ಟು ಸೇವೆಯ ವರ್ಷಗಳು, ಇವೆರಡರ ಮೇಲೆ ನಿಂತ ಲೆಕ್ಕ. ಆಡಮ್ಸ್ ಬೆಲ್‌ನಲ್ಲಿ ಇದ್ದಿದ್ದು ಒಂದು ವರ್ಷ. ಅದಕ್ಕೂ ಮುಂಚೆ ವೆಂಚುರಾ, ಸಿಮಿ ವ್ಯಾಲಿ, ಗ್ಲೆಂಡೇಲ್‌ಗಳಲ್ಲಿ ದಶಕಗಳ ಸೇವೆ. ಬೆಲ್‌ನ ಆ ಒಂದು ವರ್ಷದ ಸಂಬಳ ಹಿಂದಿನ ಅಷ್ಟೂ ವರ್ಷಗಳ ಪೆನ್ಷನ್ನನ್ನ ಎತ್ತಿಬಿಡ್ತಿತ್ತು. ಆ ಹೊರೆಯ ಬಹುಪಾಲು ಬೀಳ್ತಿದ್ದದ್ದು ಯಾರ ತಲೆ ಮೇಲೆ? ಈ ಕರಾರಿಗೂ ತಮಗೂ ಸಂಬಂಧವೇ ಇಲ್ಲದ ಆ ಹಳೇ ಊರುಗಳ ಮೇಲೆ. ಆಡಮ್ಸ್ ಕೇಳಿದ್ದು ವರ್ಷಕ್ಕೆ ಸುಮಾರು 5,10,000 ಡಾಲರ್ ಪೆನ್ಷನ್.

ಕ್ಯಾಲ್‌ಪರ್ಸ್ ಅಂತ ಸರ್ಕಾರಿ ನೌಕರರ ಪೆನ್ಷನ್ ಸಂಸ್ಥೆ ಇದೆ. ಅದು ಆಗಲ್ಲ ಅಂತು. 2012ರಲ್ಲಿ ವಿಚಾರಣೆ ಆಯ್ತು, ಆಡಮ್ಸ್ ಪ್ರಶ್ನೆ ಮೇಲೆ ಪ್ರಶ್ನೆಗೆ ಉತ್ತರ ಕೊಡಲ್ಲ ಅಂತ ಕೂತರು, ಸೋತರು. ಇಲ್ಲಿ ಸೂಕ್ಷ್ಮ ಗಮನಿಸಿ. "ಇದು ವಿಪರೀತ ಜಾಸ್ತಿ ಸಂಬಳ" ಅಂತ ಅಲ್ಲ ಅವರು ಸೋತಿದ್ದು. ಜನರಿಗೆ ಕಾಣೋ ವೇತನ ಪಟ್ಟಿಯಲ್ಲಿ ಈ ಸಂಬಳ ಇರಲಿಲ್ಲ, ಕೌನ್ಸಿಲ್ ಬಹಿರಂಗ ಸಭೆಯಲ್ಲಿ ಅದನ್ನ ಒಪ್ಪಿರಲಿಲ್ಲ ಅಂತ. ಬಚ್ಚಿಟ್ಟ ಸಂಬಳ ಕೈಗೆ ಬಂದಿರಬಹುದು, ಪೆನ್ಷನ್ ಲೆಕ್ಕಕ್ಕೆ ಬರಲ್ಲ. ಯಾರೂ ಕೂಡಿಸಬಾರದು ಅಂತ ಹಾಕಿದ ಗಂಟು ಕೊನೆಗೆ ಅವರ ಕಾಲಿಗೇ ಸುತ್ತಿಕೊಳ್ತು.

ಕೆಲವರು ಅಂತಾರೆ, ಕೊಟ್ಟೋರು ಕೊಟ್ಟರು, ತಗೊಂಡೋರದ್ದೇನು ತಪ್ಪು? ಬೇರೆ ಕೆಲಸಕ್ಕಾದ್ರೆ ನಾನೂ ಅರ್ಧ ಒಪ್ತಿದ್ದೆ. ಒಳ್ಳೇ ಅಧಿಕಾರಿ ಬೇಕು ಅಂದ್ರೆ ಊರು ಐದು ಲಕ್ಷವನ್ನೇ ಕೊಡಲಿ, ಸಭೆ ಕರೆದು, ಮೈಕ್ ಮುಂದೆ ಹೇಳಿ ಕೊಡಲಿ. ಆದ್ರೆ ಇವರು ಪೊಲೀಸ್ ಮುಖ್ಯಸ್ಥರು. ಊರಲ್ಲಿ ಏನಾದ್ರೂ ಮುಚ್ಚಿಡ್ತಿದ್ದಾರೆ ಅಂದ್ರೆ ಮೊದಲು ಮೂಗು ಅರಳಬೇಕಾದ್ದು ಇವರದ್ದು. ಇನ್ನೊಂದು ಮಾತು: ಅದೇ ಕರಾರಿನ ಜೊತೆಗೆ, ಇವರಿಗೆ ದೈಹಿಕ ಅಸಮರ್ಥತೆ ಇದೆ ಅಂತ ಒಪ್ಪೋ ಪತ್ರವನ್ನೂ ರಿಜ್ಜೊ ಮುಂಚೆಯೇ ಬರೆದುಕೊಟ್ಟಿದ್ದರು. ಅದರಿಂದ ಪೆನ್ಷನ್ನಿನ ದೊಡ್ಡ ಭಾಗಕ್ಕೆ ತೆರಿಗೆ ಉಳಿಯುತ್ತೆ. ಅಸಮರ್ಥರು, ಆದ್ರೆ ಇಡೀ ಇಲಾಖೆ ನಡೆಸ್ತಾರೆ!

2014ರಲ್ಲಿ ಭ್ರಷ್ಟಾಚಾರದ ಕೇಸಿನಲ್ಲಿ ರಿಜ್ಜೊಗೆ 12 ವರ್ಷ, ಸ್ಪಾಚಿಯಾಗೆ 11 ವರ್ಷ 8 ತಿಂಗಳು ಶಿಕ್ಷೆ ಆಯ್ತು. ಆಡಮ್ಸ್ ಮೇಲೆ ಕ್ರಿಮಿನಲ್ ಕೇಸೇ ಹಾಕಲಿಲ್ಲ. ಅವರಿಬ್ಬರ ಕೇಸು ನಡೆಸಿದ ನ್ಯಾಯಾಧೀಶೆ ಕ್ಯಾಥ್ಲೀನ್ ಕೆನೆಡಿಯವರೇ ಕೋರ್ಟಿನಲ್ಲಿ, ಆಡಮ್ಸ್ ಯಾಕೆ ಆರೋಪಿ ಸ್ಥಾನದಲ್ಲಿ ಇಲ್ಲ ಅಂತ ಅಚ್ಚರಿಪಟ್ಟಿದ್ದರು. ಪೆನ್ಷನ್ ಕೇಸು ಸೋತ ಮೇಲೂ ಅವರಿಗೆ ಹಳೇ ಸಂಬಳದ ಲೆಕ್ಕದಲ್ಲಿ ಉಳಿದದ್ದು ವರ್ಷಕ್ಕೆ ಸುಮಾರು 2,40,000 ಡಾಲರ್.