ಮೂರು ಊರಿನ ಮಕ್ಕಳು, ಒಂದು ವೆಬ್‌ಸೈಟ್

[ಸ್ಕ್ರೀನ್ ಮೇಲೆ: ಅಘನಾಶಿನಿ ಹಿನ್ನೀರು, ಜಡಿಮಳೆ, ಗಜನಿ ಗದ್ದೆ]

ಎಲ್ರಿಗೂ ನಮಸ್ಕಾರ. ನಾನೀಗ ಕುಮಟಾ ಹತ್ರ ಮಾಣಿಕಟ್ಟಾ ಕಡೆ ಬಂದಿದ್ದೇನೆ, ಹಿಂದೆ ಕಾಣ್ತಾ ಇರೋದು ಗಜನಿ ಗದ್ದೆ, ಹೊಳೆ ಸಮುದ್ರ ಸೇರೋ ಜಾಗದ ಗದ್ದೆ ಇದು, ಉಬ್ಬರ ಬಂದ್ರೆ ಉಪ್ಪು ನೀರು ಇಲ್ಲೇ ಬಾಗಿಲಿಗೆ ಬಂದು ನಿಲ್ತದೆ. ಆದ್ರೂ ಇಲ್ಲಿ ಭತ್ತ ಬೆಳೀತಾರೆ, ಕಗ್ಗ ಅಂತ ಅದರ ಹೆಸರು. ವಿಡಿಯೋ ಇರೋದು ವೆಬ್‌ಸೈಟ್ ಮಾಡೋ ಸ್ಪರ್ಧೆ ಬಗ್ಗೆ, ಇವ್ರು ಯಾಕೆ ಗದ್ದೆ ತೋರಿಸ್ತಾ ಇದ್ದಾರೆ ಅಂತ ಅನ್ಸಬಹುದು ನಿಮ್ಗೆ, ಸ್ವಲ್ಪ ತಡೀರಿ, ಅಲ್ಲಿಗೇ ಬರ್ತೇನೆ.

ಶಾಲೆ ಕಾಲೇಜು ಮಕ್ಕಳು ಟೀಮ್ ಕಟ್ಕೊಂಡು, ಒಂದು ವಿಷಯ ತಗೊಂಡು, ಬೇರೆ ಮಕ್ಕಳು ಓದಿ ಕಲಿಯೋ ಹಾಗೆ ವೆಬ್‌ಸೈಟ್ ಮಾಡೋ ಸ್ಪರ್ಧೆ ಇವತ್ತಿನದ್ದಲ್ಲ. ಥಿಂಕ್‌ಕ್ವೆಸ್ಟ್ ಅಂತ ಒಂದಿತ್ತು, 1996ರಲ್ಲಿ ಅಮೆರಿಕದಲ್ಲಿ ಶುರುವಾಗಿದ್ದು, ಶುರು ಮಾಡಿದವ್ರು ಅಲನ್ ವೈಸ್. 1996 ಅಂದ್ರೆ ಯಾವ ಕಾಲ ನೋಡಿ, ನಮ್ಮ ದೇಶದ ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದೇ 1995ರ ಆಗಸ್ಟ್ 15ಕ್ಕೆ, ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಮೂಲಕ, ಅದೂ ದೊಡ್ಡ ದೊಡ್ಡ ಊರಲ್ಲಿ ಮಾತ್ರ. ಆಗ 12ರಿಂದ 19 ವರ್ಷದ ಮಕ್ಕಳು ಇಬ್ರೋ ಮೂವರೋ ಸೇರಿ, ಜೊತೆಗೊಬ್ರು ಕೋಚ್ ಇಟ್ಕೊಂಡು, ಸೈಟ್ ಮಾಡಿ ಕಳಿಸ್ಬೇಕಿತ್ತು, ಗೆದ್ದವ್ರಿಗೆ ಮುಂದಿನ ಓದಿಗೆ ಸ್ಕಾಲರ್‌ಶಿಪ್. ನಂಗೆ ತುಂಬ ಇಷ್ಟ ಆಗಿದ್ದು ಬೇರೆ ವಿಷಯ: ಟೀಮಿನವರೆಲ್ಲ ಒಂದೇ ಶಾಲೆಯವರು ಆಗಿರ್ಬೇಕಾಗಿರ್ಲಿಲ್ಲ, ಬೇರೆ ಬೇರೆ ಊರಿನವರು, ಬೇರೆ ದೇಶದವರು ಸೇರ್ಕೊಳ್ಳಿ ಅಂತ್ಲೇ ಪ್ರೋತ್ಸಾಹ ಕೊಡ್ತಿದ್ರು.

ಅದೇ ವರ್ಷ ಗ್ಲೋಬಲ್ ಸ್ಕೂಲ್‌ನೆಟ್ ಅನ್ನೋ ಅಮೆರಿಕದ ಸಂಸ್ಥೆಯವರು ಸೈಬರ್‌ಫೇರ್ ಅಂತ ಇನ್ನೊಂದು ಸ್ಪರ್ಧೆ ಶುರು ಮಾಡಿದ್ರು. ಅಲ್ಲಿ ಮಕ್ಕಳು ತಮ್ಮ ತಮ್ಮ ಊರಿನ ಬಗ್ಗೇನೇ ಮಾಡ್ಬೇಕಿತ್ತು, ಒಟ್ಟು 8 ವಿಭಾಗ, ಊರಿನ ಮುಖಂಡರು, ಚಾರಿತ್ರಿಕ ಜಾಗ, ಪರಿಸರ, ಕಲೆ ಹೀಗೆ. ಮತ್ತೆ ಭಾಗವಹಿಸಿದ ಶಾಲೆಗಳೇ ಒಂದರ ಸೈಟ್ ಇನ್ನೊಂದು ನೋಡಿ ಅಂಕ ಕೊಡ್ತಿದ್ವು. ಇದು ಬಹಳ ಒಳ್ಳೆ ಪದ್ಧತಿ, ಬೇರೆಯವರ ಸೈಟ್ ಕೂತು ಓದಿ ಅಂಕ ಹಾಕಿದ ಮಗುವಿಗೆ ತನ್ನ ಸೈಟಲ್ಲಿ ಏನು ಕಮ್ಮಿ ಇದೆ ಅಂತ ಯಾರೂ ಹೇಳ್ಬೇಕಾಗಿಲ್ಲ.

[ಸ್ಕ್ರೀನ್ ಮೇಲೆ: ಕುಮಟಾ, ಸಿರ್ಸಿ, ಕಾರವಾರ ಗುರುತು ಮಾಡಿದ ನಕ್ಷೆ]

ಈಗ ಕಗ್ಗಕ್ಕೆ ಬರ್ತೇನೆ. ಇಂಥದ್ದೇ ಒಂದು ಸ್ಪರ್ಧೆಗೆ ಅಂತ ನಾನೊಂದು ಟೀಮಿನ ಜೊತೆ ಕೂತಿದ್ದೆ, ಕುಮಟಾದ ಒಬ್ಳು ಪಿಯುಸಿ ಹುಡುಗಿ, ಸಿರ್ಸಿಯ ಒಬ್ಬ ಹತ್ತನೇ ಕ್ಲಾಸ್ ಹುಡುಗ, ಕಾರವಾರದ ಇನ್ನೊಬ್ಳು. ಕುಮಟಾದವಳ ಅಜ್ಜನ ಮನೆಯಲ್ಲಿ ಗಜನಿ ಗದ್ದೆ ಇತ್ತು, ಹಾಗಾಗಿ ವಿಷಯ ಅವಳದ್ದೇ. ಅವಳು ಬರೆದ ಮೊದಲನೇ ಪುಟ ನೀಟಾಗಿತ್ತು, ಕಗ್ಗ ಎಲ್ಲಿ ಬೆಳೀತಾರೆ, ಯಾವಾಗ ಬಿತ್ತನೆ, ಅಕ್ಕಿ ಕೆಂಪು, ಎಲ್ಲ ಇತ್ತು. ಸಿರ್ಸಿ ಹುಡುಗ ಅದನ್ನ ಓದಿ ರಾತ್ರಿ ಗ್ರೂಪಲ್ಲಿ ಒಂದು ವಾಯ್ಸ್ ಮೆಸೇಜ್ ಹಾಕಿದ: "ಅಕ್ಕಾ, ಉಪ್ಪು ನೀರು ಹೊಕ್ಕಿದ್ ಗದ್ದೆಲಿ ಭತ್ತ ಸಾಯೋದಿಲ್ವಾ?"

ಅವಳಿಗೆ ಉತ್ತರವೇ ಬರ್ಲಿಲ್ಲ. ಹುಟ್ಟಿದಾಗಿಂದ ನೋಡಿದ್ದು, ಯಾಕೆ ಸಾಯೋದಿಲ್ಲ ಅಂತ ಕೇಳ್ಬೇಕು ಅಂತ ಅವಳಿಗೆ ಹೊಳೆದೇ ಇರ್ಲಿಲ್ಲ! ಮರುದಿನ ಅಜ್ಜನ ಹತ್ರ ಹೋಗಿ ಕೂತ್ಲು. ಅಜ್ಜ ಹೇಳಿದ್ದು ಇಷ್ಟು: ಜೋರು ಮಳೆ ಬಿದ್ಮೇಲೆ ಗದ್ದೆಯಲ್ಲಿ ಸಿಹಿನೀರು ತುಂಬಿ ಉಪ್ಪು ಇಳೀತದೆ, ಹೊಳೆ ನೀರು ಒಳಗೆ ಬಾರದ ಹಾಗೆ ಕಟ್ಟೆ ಹಾಕಿ ಹಲಗೆ ಬಾಗಿಲು ಇಟ್ಟಿರ್ತಾರೆ, ಆದ್ರೂ ಮಣ್ಣಲ್ಲಿ ಉಪ್ಪು ಉಳ್ದೇ ಉಳೀತದೆ, ಬೇರೆ ಭತ್ತ ಆದ್ರೆ ಅಷ್ಟಕ್ಕೇ ಸುಟ್ಟೋಗ್ತದೆ, ಕಗ್ಗ ತಡ್ಕೊಳ್ತದೆ. ನೆರೆ ಬಂದು ಕೆಲವು ದಿನ ಮುಳುಗಿದ್ರೂ ಮತ್ತೆ ಏಳ್ತದೆ. ಕೊಯ್ಲಿನಲ್ಲಿ ಮೇಲಿನ ತೆನೆ ಮಾತ್ರ ಕೊಯ್ದು ದಂಟು ಅಲ್ಲೇ ಬಿಡ್ತಾರೆ, ಆಮೇಲೆ ಬಾಗಿಲು ತೆಗೆದು ಉಪ್ಪು ನೀರು ಬಿಟ್ರೆ ಅದರ ಜೊತೆ ಮೀನು ಸಿಗಡಿ ಬರ್ತಾವೆ, ಆ ಕೊಳೆತ ದಂಟೇ ಅವಕ್ಕೆ ಮೇವು.

ಅವಳು ಮೊದಲು ಬರೆದ ಪುಟ ಅಳಿಸಿ ಹಾಕಿದ್ಲು. ಹೊಸ ಪುಟದ ತಲೆಬರಹವೇ ಆ ಹುಡುಗನ ಪ್ರಶ್ನೆ. ನಾನು ಹೇಳ್ಬೇಕು ಅಂದ್ಕೊಂಡಿದ್ದೇ ಇದು. ಟೀಮ್ ಅಂದ್ರೆ ನೀನು ಟೈಪ್ ಮಾಡು, ನೀನು ಫೋಟೋ ಹಾಕು, ನಾನು ಕಲರ್ ನೋಡ್ಕೊಳ್ತೇನೆ ಅಂತ ಕೆಲಸ ಹಂಚ್ಕೊಳ್ಳೋದು ಅಂತ ಎಲ್ರೂ ತಿಳ್ಕೊಂಡಿದ್ದಾರೆ, ಆದ್ರೆ ನಿಮ್ಮ ಊರು ಗೊತ್ತಿಲ್ದಿರೋ ಒಬ್ಬ ಟೀಮಲ್ಲಿ ಇದ್ರೆ ಅವನೇ ನಿಮ್ಮ ಮೊದಲನೇ ಓದುಗ. ಘಟ್ಟದ ಮೇಲಿನವರು ಅಡಿಕೆ ಸೈಟ್ ಮಾಡಿದ್ರೆ ಕೊನೆಗೌಡ, ಅಂದ್ರೆ ಅಡಿಕೆ ಕೊನೆ ಇಳಿಸೋನು, ಮರದಿಂದ ಮರಕ್ಕೆ ಹೇಗೆ ದಾಟ್ತಾನೆ ಅಂತ ಕರಾವಳಿ ಮಕ್ಕಳೇ ಕೇಳ್ಬೇಕು. ಸಿರ್ಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿದ್ರೆ ಸುಮಾರು 60 ಕಿಲೋಮೀಟರ್, ಅಷ್ಟು ದೂರಕ್ಕೇ ಎಷ್ಟೆಲ್ಲ ಗೊತ್ತಿಲ್ಲ ನೋಡಿ ನಮ್ಗೆ.

[ಸ್ಕ್ರೀನ್ ಮೇಲೆ: ಲ್ಯಾಪ್‌ಟಾಪ್, ತೆರೆದ ಫೋಲ್ಡರ್]

ಮಾಡೋದು ಹೇಗೆ ಅಂತ ಚುಟುಕಾಗಿ ಹೇಳ್ತೇನೆ, ಕೋಡಿಂಗ್‌ಗೆ ಬೇಕಾದಷ್ಟು ವಿಡಿಯೋ ಇದೆ. ಒಂದು ಫೋಲ್ಡರ್, ಅದ್ರಲ್ಲಿ ಇಂಡೆಕ್ಸ್ ಹೆಸರಿನ ಎಚ್‌ಟಿಎಂಎಲ್ ಫೈಲ್, ಅದೇ ಮುಖಪುಟ. ಗಿಟ್‌ಹಬ್ ಪೇಜಸ್ ಅಂತ ಸೈಟ್ ಇಡೋಕೆ ನೆಟ್‌ನಲ್ಲೊಂದು ಜಾಗ ಇದೆ, ಅಲ್ಲಿ ಫ್ರೀಯಾಗಿ ಹಾಕ್ಬಹುದು, ಯಾರು ಯಾವಾಗ ಏನು ಬದಲಾಯಿಸಿದ್ರು ಅಂತ ಎಲ್ಲ ಅಲ್ಲೇ ದಾಖಲಾಗಿರ್ತದೆ. ನಮ್ಮ ಟೀಮ್ ಶುರುವಿಗೆ ವಾಟ್ಸಾಪಲ್ಲೇ ಫೈಲ್ ಕಳಿಸ್ಕೊಳ್ತಾ ಇತ್ತು, ಒಂದಿನ ಇಬ್ರು ಒಂದೇ ಪುಟ ತಿದ್ದಿ ಕಾರವಾರದವಳ ಮೂರು ದಿನದ ಕೆಲಸ ಹೋಯ್ತು, ಪಾಪ ಅತ್ತೇ ಬಿಟ್ಲು.

ಕನ್ನಡದಲ್ಲಿ ಮಾಡೋರು ಇದನ್ನ ಗಮನ ಇಟ್ಟು ಕೇಳಿ. ಮೇಷ್ಟ್ರು ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನುಡಿಯಲ್ಲಿ ಮಾಡಿ ಕೊಟ್ಟ ಹಳೇ ಫೈಲಿಂದ ಕಾಪಿ ಮಾಡಿ ಅಂಟಿಸಿದ್ರೆ ಸೈಟಲ್ಲಿ ಕನ್ನಡ ಬರೋದಿಲ್ಲ, ಇಂಗ್ಲಿಷ್ ಅಕ್ಷರಕ್ಕೆ ತಲೆ ಮೇಲೆ ಗೀಟು, ಕೆಳಗೆ ಬಾಲ ಬಂದ ಹಾಗೆ ಏನೇನೋ ಕಾಣ್ತದೆ. ಅದು ಫಾಂಟ್ ಇದ್ದ ಕಂಪ್ಯೂಟರಲ್ಲಿ ಮಾತ್ರ ಕನ್ನಡ. ಎಲ್ಲ ಕಂಪ್ಯೂಟರಲ್ಲೂ ಕನ್ನಡವಾಗೇ ಕಾಣೋ ಯೂನಿಕೋಡ್‌ಗೆ ಪರಿವರ್ತನೆ ಮಾಡಿ ಹಾಕಿ, ಆಮೇಲೆ ಒತ್ತಕ್ಷರ, ಅರ್ಕಾವತ್ತು ಎಲ್ಲ ಒಂದ್ಸಲ ಕಣ್ಣಲ್ಲಿ ನೋಡಿ, ಪರಿವರ್ತನೆಯಲ್ಲಿ ಅವೇ ಹೆಚ್ಚು ಕೆಡೋದು. ಫೋಟೋ ಸಣ್ಣ ಸೈಜಿಗೆ ತನ್ನಿ, ಮಳೆಗಾಲದಲ್ಲಿ ನಮ್ಮ ಕಡೆ ನೆಟ್‌ವರ್ಕ್ ಹೇಗಿರ್ತದೆ ಗೊತ್ತಲ್ಲ, ದೊಡ್ಡ ಫೋಟೋ ಹಾಕಿದ್ರೆ ಹಳ್ಳಿಯಲ್ಲಿ ಕೂತವ್ರಿಗೆ ಪುಟ ತೆರೆಯೋದೇ ಇಲ್ಲ. ಗೂಗಲ್‌ನಲ್ಲಿ ಸಿಕ್ಕಿದ ಫೋಟೋ ಎತ್ಕೊಂಡು ಹಾಕ್ಬೇಡಿ, ಗದ್ದೆ ನಿಮ್ಮದು, ಮೊಬೈಲ್ ನಿಮ್ಮ ಕೈಯಲ್ಲಿದೆ.

ಒಂದು ಬೇಜಾರಿನ ವಿಷಯ ಹೇಳ್ಲೇಬೇಕು. ನಾನು ನೋಡಿದ ಒಂದು ಸ್ಪರ್ಧೆಯಲ್ಲಿ, ಯಾವುದು ಅಂತ ಹೇಳೋದಿಲ್ಲ, ಬಹುಮಾನ ಬಂದ ಸೈಟನ್ನ ಮಕ್ಕಳು ಮಾಡೇ ಇರ್ಲಿಲ್ಲ, ಮನೆಯವ್ರು ದುಡ್ಡು ಕೊಟ್ಟು ಮಾಡಿಸಿದ್ದು. ನೋಡೋಕೆ ಬಹಳ ಚೆನ್ನಾಗಿತ್ತು ಅದು. ವೇದಿಕೆಯಲ್ಲಿ ಈ ಪುಟದ ವಿಷಯ ಎಲ್ಲಿಂದ ತಂದೆ ಮಗಾ ಅಂತ ಕೇಳಿದ್ರೆ ಹುಡುಗ ನೆಲ ನೋಡ್ತಾ ನಿಂತಿದ್ದ. ನಂಗೆ ಸಿಟ್ಟು ಬಂದಿದ್ದು ಆ ಹುಡುಗನ ಮೇಲಲ್ಲ. ಸ್ಪರ್ಧೆ ನಡೆಸೋರು ದಯವಿಟ್ಟು ಪ್ರತಿ ಮಗುವಿನ ಹತ್ರ ಐದೈದು ನಿಮಿಷ ಮಾತಾಡಿ, ಆಮೇಲೆ ಅಂಕ ಹಾಕಿ.

ಇನ್ನೊಂದು, ಥಿಂಕ್‌ಕ್ವೆಸ್ಟ್ ಏನಾಯ್ತು ಅಂತ ಹೇಳೋದು ಬಾಕಿ ಇತ್ತು. ಆಮೇಲೆ ಅದನ್ನ ಒರಾಕಲ್ ಎಜುಕೇಶನ್ ಫೌಂಡೇಶನ್‌ನವರು ನಡೆಸ್ತಿದ್ರು, 2013ರ ಜುಲೈ 1ಕ್ಕೆ ಮುಚ್ಚಿದ್ರು. ಸ್ಪರ್ಧೆ ಜೊತೆಗೆ ಮಕ್ಕಳು ಮಾಡಿದ ಸಾವಿರಾರು ಸೈಟ್ ಇದ್ದ ಲೈಬ್ರರಿನೂ ಹೋಯ್ತು. ಕೆಲವು, ಹಳೇ ವೆಬ್ ಪುಟಗಳ ಪ್ರತಿ ಉಳಿಸಿಡೋ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಲ್ಲಿ ಈಗ್ಲೂ ಸಿಗ್ತಾವೆ, ಚಿತ್ರ ಕೆಲವು ಕಡೆ ಇಲ್ಲ, ಲಿಂಕ್ ತುಂಡಾಗಿದೆ. ಹಾಗಾಗಿ ಸ್ಪರ್ಧೆಯವರು ಕೊಟ್ಟ ಜಾಗದಲ್ಲಿ ಮಾತ್ರ ಇಟ್ಟು ಸುಮ್ನಾಗ್ಬೇಡಿ, ಇಡೀ ಫೋಲ್ಡರ್ ಪೆನ್‌ಡ್ರೈವ್‌ನಲ್ಲಿ ಒಂದು, ಶಾಲೆ ಕಂಪ್ಯೂಟರಲ್ಲಿ ಒಂದು ಪ್ರತಿ ಇಡಿ, ಪುಟದ ವಿಳಾಸ ವೇಬ್ಯಾಕ್‌ಗೂ ಕೊಟ್ಟು ಉಳಿಸಿ. ಅಜ್ಜ ಹೇಳಿದ್ದು ಇನ್ನೆಲ್ಲೂ ಬರೆದಿಟ್ಟಿರೋದಿಲ್ಲ.

[ಸ್ಕ್ರೀನ್ ಮೇಲೆ: ಮಕ್ಕಳ ಸೈಟ್, ಕೆಳಗೆ ಒಂದು ಖಾಲಿ ಚೌಕ]

ನಮ್ಮ ಟೀಮಿಗೆ ಬಹುಮಾನ ಬರ್ಲಿಲ್ಲ. ಸೈಟ್ ಇನ್ನೂ ಇದೆ, ಇಲ್ಲಿ ಖಾಲಿ ಚೌಕ ಕಾಣ್ತಿದೆಯಲ್ಲ, ಅದು ಕೊಯ್ಲಿನ ಫೋಟೋಕ್ಕೆ ಬಿಟ್ಟ ಜಾಗ, ಹೋದ ಸಲ ಪರೀಕ್ಷೆ ಅಂತ ತೆಗೆಯೋಕಾಗಿಲ್ಲ. ಈ ಸಲ ತೆನೆ ಬಲಿತ ಕೂಡ್ಲೇ ಹೇಳಿ, ಮೊದಲ ಬಸ್ಸಿಗೆ ಘಟ್ಟ ಇಳಿದು ಬರ್ತೇನೆ ಅಂತ ಸಿರ್ಸಿ ಹುಡುಗ ಈಗ್ಲೇ ಹೇಳಿಟ್ಟಿದ್ದಾನೆ, ಅವನಿನ್ನೂ ಕಗ್ಗದ ಗದ್ದೆ ಕಣ್ಣಾರೆ ನೋಡಿಲ್ಲ.