ಮಾನಸಿಕ ಕಾಯಿಲೆಯ ಪಟ್ಟಿಯಿಂದ ಹೊರಬಂದ ಮೇಲೆ

ಕೇಳುಗರಿಗೆ ನಮಸ್ಕಾರ.

2022ರ ಜನವರಿ 1. ಟ್ರಾನ್ಸ್‌ಜೆಂಡರ್ ಜನರಿಗೆ ಅಂಟಿಸಿದ್ದ ಒಂದು ಮಾನಸಿಕ ಕಾಯಿಲೆ ಅವತ್ತಿನಿಂದ ಮಾನಸಿಕ ಕಾಯಿಲೆಯಲ್ಲ ಅಂತಾಯಿತು. ವಿಶ್ವ ಆರೋಗ್ಯ ಸಂಸ್ಥೆ ರೋಗಗಳಿಗೆಲ್ಲ ಒಂದೊಂದು ಕೋಡ್ ಕೊಟ್ಟು ಪಟ್ಟಿ ಮಾಡುತ್ತದೆ. ಐಸಿಡಿ ಅಂತಾರೆ. ಅದರ 11ನೇ ಆವೃತ್ತಿ ಅವತ್ತು ಜಾರಿಗೆ ಬಂತು. ಹುಟ್ಟಿದಾಗ ಗಂಡು ಅಂತ ಬರೆಸಿದವರು ತಾನು ಹೆಣ್ಣು ಅನ್ನುವುದು, ಹೆಣ್ಣು ಅಂತ ಬರೆಸಿದವರು ತಾನು ಗಂಡು ಅನ್ನುವುದು ಹಳೆಯ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಗಳ ಅಧ್ಯಾಯದಲ್ಲಿತ್ತು. ಹೊಸ ಪಟ್ಟಿಯಲ್ಲಿ ಅದನ್ನು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಹಾಕಿದರು. ಪೂರ್ತಿ ಯಾಕೆ ತೆಗೆಯಲಿಲ್ಲ ಅಂತ ಕೇಳಬಹುದು. ಕೋಡ್ ಇಲ್ಲದಿದ್ದರೆ ಹಾರ್ಮೋನು, ಆಪರೇಷನ್ ಬೇಕಾದವರಿಗೆ ಎಷ್ಟೋ ದೇಶಗಳಲ್ಲಿ ಇನ್ಶೂರೆನ್ಸ್ ಸಿಗುವುದಿಲ್ಲ. ಅದಕ್ಕಾಗಿ ಉಳಿಸಿಕೊಂಡರು.

ಹಾಗಾದರೆ ಟ್ರಾನ್ಸ್‌ಜೆಂಡರ್ ಜನರಿಗೆ ನಮ್ಮಂಥ ಮನೋವೈದ್ಯರ ಹತ್ತಿರ ಏನು ಕೆಲಸ? ಇದೆ. ಖಿನ್ನತೆ, ಗಾಬರಿ, ಕುಡಿತ, ಸಾಯುವ ಯೋಚನೆ ಇವರಲ್ಲಿ ಉಳಿದವರಿಗಿಂತ ಜಾಸ್ತಿ. ಯಾಕೆ ಜಾಸ್ತಿ ಅನ್ನುವುದೇ ಪ್ರಶ್ನೆ.

ಮೆಕ್ಸಿಕೊ ಸಿಟಿಯ ಒಂದು ಕ್ಲಿನಿಕ್‌ನಲ್ಲಿ 250 ಜನ ಟ್ರಾನ್ಸ್‌ಜೆಂಡರ್ ವಯಸ್ಕರನ್ನು ಕೂರಿಸಿ ವಿಚಾರಿಸಿದರು. 2016ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ಪಟ್ಟಿ ಬದಲಾಗಲು ಅದೂ ಒಂದು ಕಾರಣ. ಹರೆಯದಲ್ಲಿ ಮನಸ್ಸಿಗೆ ತುಂಬ ಸಂಕಟವಾಗಿತ್ತು ಅಂದವರು ನೂರಕ್ಕೆ 83. ಜನ ದೂರ ತಳ್ಳಿದ್ದರು ಅಂದವರು 76. ಏಟು, ಹಿಂಸೆ ಕಂಡವರು 63. ಹೊಡೆದವರು ಯಾರು? ಹೆಚ್ಚುಕಮ್ಮಿ ಅರ್ಧದಷ್ಟು ಪ್ರಕರಣಗಳಲ್ಲಿ ಮನೆಯವರೇ. ಆಮೇಲೆ ಲೆಕ್ಕ ಹಾಕಿ ನೋಡಿದರು: ಈ ಸಂಕಟ ಯಾವುದರ ಜೊತೆ ಹೆಚ್ಚಾಗಿ ತಳಕು ಹಾಕಿಕೊಂಡಿದೆ? ಆ ವ್ಯಕ್ತಿಯ ಲಿಂಗತ್ವದ ಜೊತೆಗೋ, ಜನ ನಡೆಸಿಕೊಂಡ ರೀತಿಯ ಜೊತೆಗೋ? ಜನ ನಡೆಸಿಕೊಂಡ ರೀತಿಯ ಜೊತೆಗೇ. ಒಂದೇ ಕ್ಲಿನಿಕ್, ಎಷ್ಟೋ ವರ್ಷದ ಹಿಂದಿನ ನೆನಪು, ಹೀಗೆ ಅದಕ್ಕೂ ಮಿತಿ ಇದೆ. ಆದರೂ ಇಲ್ಲಿ ಮುಂಬೈಯಲ್ಲಿ ನಮ್ಮ ಒಪಿಡಿಯಲ್ಲಿ, ಅಂದರೆ ಹೊರರೋಗಿಗಳ ವಿಭಾಗದಲ್ಲಿ, ನಾನು ಕಾಣುವುದಕ್ಕೆ ಅದು ದೂರವಿಲ್ಲ.

ಮುಂಬೈ ಕನ್ನಡಿಗರು ಅಂದ ತಕ್ಷಣ ಮಾಟುಂಗ, ಹೋಟೆಲು, ಸಂಘ, ಯಕ್ಷಗಾನ ನೆನಪಾಗುತ್ತೆ, ಅಲ್ವಾ? ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಕಟ್ಟಡ ಕಟ್ಟುವವರೂ ಇಲ್ಲಿನ ಕನ್ನಡಿಗರೇ. ಅವರ ಮನೆಯ ಮಗುವೊಂದು ಹೀಗಿದ್ದರೆ ಏನಾಗುತ್ತದೆ ಅಂತ ಹೇಳುತ್ತೇನೆ. ಗುರುತು ಸಿಗಬಾರದು ಅಂತ ನಾಲ್ಕಾರು ಜನರ ವಿಷಯ ಸೇರಿಸಿ ಒಬ್ಬರನ್ನಾಗಿ ಮಾಡಿದ್ದೇನೆ.

ಇಪ್ಪತ್ತೆರಡು ವರ್ಷ. ಊಟ ಬಿಟ್ಟಿದ್ದಾರೆ, ನಿದ್ದೆ ಇಲ್ಲ, ಕೆಲಸಕ್ಕೆ ಹೋಗುತ್ತಿಲ್ಲ. ಜೊತೆಗೆ ತಾಯಿ. ನನಗಿಂತ ಮೊದಲು ನೋಡಿದ ರೆಸಿಡೆಂಟ್ ಡಾಕ್ಟರ್ ಕೇಸ್ ಪೇಪರಿನಲ್ಲಿ ಬರೆದದ್ದು: ದೇವಿ ಮೈಮೇಲೆ ಬರುತ್ತಾಳೆ ಅನ್ನುತ್ತಾರೆ, ಸೈಕೋಸಿಸ್ ಇರಬಹುದೇ? ಸೈಕೋಸಿಸ್ ಅಂದರೆ ಇಲ್ಲದ ಮಾತು ಕೇಳಿಸುವ, ಇಲ್ಲದ್ದನ್ನು ಇದೆ ಅಂತ ನಂಬುವ ಕಾಯಿಲೆ. ಆ ಡಾಕ್ಟರ್ ಹುಡುಗ ನಾಗಪುರದ ಕಡೆಯವನು, ಓದಿಕೊಂಡವನು. ಅವನದ್ದೇನೂ ತಪ್ಪಿಲ್ಲ. ಮರಾಠಿಗೆ ಇಳಿಸಿದಾಗ ಆ ತಾಯಿಯ ಮಾತು ಹಾಗೇ ಕೇಳಿಸಿರುತ್ತದೆ. ನನ್ನ ಹತ್ತಿರ ಆಕೆ ಕನ್ನಡದಲ್ಲಿ ಹೇಳಿದರು: "ಸಣ್ಣಾಂವ ಇದ್ದಾಗಿಂದ ಹಿಂಗ ಅದಾನ್ರೀ ಡಾಕ್ಟ್ರ. ಎಲ್ಲವ್ವ ಕೈ ಹಿಡದಾಳ. ಮುತ್ತು ಕಟ್ಟಸ್ರಿ ಅಂತಾರ ಮಂದಿ. ಇವರಪ್ಪ ಒಲ್ಲೆ ಅಂತಾನ."

ಸವದತ್ತಿಯ ಎಲ್ಲಮ್ಮ, ಅವಳ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ, ಅಂದರೆ ಮುತ್ತಿನ ಸರ ಹಾಕಿಸಿಕೊಂಡು ದೇವಿಗೆ ಒಪ್ಪಿಸಿಕೊಂಡ ಜೋಗಪ್ಪಗಳು, ಜೋಗತಿಯರು ನಮಗೆ ಹೊಸಬರಲ್ಲ. ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರೂ ಆಗಿದ್ದವರು ಅವರು. ಒಂದು ಸೀಮೆಯ ಜನರೆಲ್ಲ ಒಪ್ಪಿಕೊಂಡ ನಂಬಿಕೆಯನ್ನು ಭ್ರಮೆ ಅಂತ ಬರೆಯುವಂತಿಲ್ಲ. ನಮ್ಮ ಪಠ್ಯಪುಸ್ತಕ ಹೇಳುವುದೂ ಅದನ್ನೇ. ಹಾಗಂತ ಎಲ್ಲಮ್ಮನ ಹೆಸರು ಬಂತು ಅಂದ ಮಾತ್ರಕ್ಕೆ ಸೈಕೋಸಿಸ್ ಇಲ್ಲವೇ ಇಲ್ಲ ಅಂತಲೂ ಕೈ ತೊಳೆದುಕೊಳ್ಳಬಾರದು. ಯಾರೂ ಇಲ್ಲದಾಗ ಮಾತು ಕೇಳಿಸುತ್ತದೆಯೇ? ಯಾರೋ ಹಿಂಬಾಲಿಸುತ್ತಾರೆ ಅನಿಸುತ್ತದೆಯೇ? ಮಾತು ತಾಳ ತಪ್ಪುತ್ತದೆಯೇ? ಇದೆಲ್ಲ ಮೊನ್ನೆ ಮೊನ್ನೆ ಶುರುವಾದದ್ದೇ, ಚಿಕ್ಕಂದಿನಿಂದ ಇದೆಯೇ? ಕೂತು ಕೇಳಬೇಕು. ತಾಯಿಯನ್ನು ಹೊರಗೆ ಕಳಿಸಿ ಇನ್ನೊಮ್ಮೆ ಕೇಳಬೇಕು.

ಕೇಳಿದಾಗ ಸಿಕ್ಕಿದ್ದು ಇಷ್ಟು. ತಾನು ಹೆಣ್ಣು ಅನ್ನುವುದು ಚಿಕ್ಕಂದಿನಿಂದ ಗಟ್ಟಿ. ಎಲ್ಲವ್ವ ಕರೆದಿದ್ದಾಳೆ ಅನ್ನುವುದು ಊರಿನವರ ಮಾತು, ಅದನ್ನು ಈಕೆಯೂ ಅರ್ಧ ನಂಬಿದ್ದಾರೆ. ಸೀರೆ ಸಿಕ್ಕಿಬಿದ್ದ ದಿನ ಅಪ್ಪ ಬೆಲ್ಟಿನಿಂದ ಹೊಡೆದಿದ್ದಾರೆ. ಊಟ, ನಿದ್ದೆ ಹೋದದ್ದು ಅಲ್ಲಿಂದ. ಸೈಕೋಸಿಸ್ ಅಲ್ಲ, ಖಿನ್ನತೆ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ನೋಡಿಸಿ ಖಿನ್ನತೆಗೆ ಕೊಡುವ ಸರ್ಟ್ರಲಿನ್ ಮಾತ್ರೆ ಶುರು ಮಾಡಿದೆವು. ಎಲ್ಲರಿಗೂ ಮಾಡುವ ಹಾಗೇ. ಅಪ್ಪನನ್ನು ಕರೆಸಿ ಮಾತಾಡುವುದಕ್ಕೆ ಮಾತ್ರೆಗಿಂತ ಜಾಸ್ತಿ ಹೊತ್ತು ಹೋಯಿತು. ಮುತ್ತು ಕಟ್ಟಿಸುವ ವಿಷಯವನ್ನು ಆಕೆಯ ಮನಸ್ಸು ತಿಳಿಯಾಗುವವರೆಗೆ ಮುಂದೂಡಿ ಅಂತಷ್ಟೇ ಹೇಳಿದೆ. ಮನೆಯವರು ನಾಚಿಕೆಗೆ ಅಂಜಿ ಮಗುವನ್ನು ದೇವಿಗೆ ಒಪ್ಪಿಸಿಬಿಡುವುದೂ ಒಂಥರ ಮನೆಯಿಂದ ಹೊರಹಾಕಿದ ಹಾಗೇ ಅಂತ ನನ್ನ ಅನಿಸಿಕೆ. ಜೋಗತಿಯರಲ್ಲೇ ಕೆಲವರು ಇದಕ್ಕೆ ನನ್ನ ಜೊತೆ ಜಗಳ ಆಡಿದ್ದಾರೆ. ಆಡಲಿ.

ಇನ್ನೊಂದು ಕೇಳಿದ್ದೆ. ನಿಮ್ಮನ್ನು ಏನಂತ ಕರೆಯಲಿ? ಆಕೆ ಹೆಸರು ಹೇಳಿದರು. ಒಪಿಡಿಯ ಹೊರಗೆ ಮಾತ್ರ ವಾರ್ಡ್ ಬಾಯ್ ಕೇಸ್ ಪೇಪರಿನಲ್ಲಿದ್ದ ಗಂಡು ಹೆಸರನ್ನೇ ಕೂಗಿದ. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಈಗ ಅಂಥವರನ್ನು ನಂಬರು ಹೇಳಿ ಕರೆಯುತ್ತೇವೆ. ಸಣ್ಣ ವಿಷಯ ಅನಿಸಬಹುದು. ಅಮೆರಿಕದಲ್ಲಿ ಇಂಥ 129 ಜನ ಯುವಕ ಯುವತಿಯರನ್ನು ಕೇಳಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ತಾವು ಆರಿಸಿಕೊಂಡ ಹೆಸರನ್ನು ಮನೆ, ಶಾಲೆ, ಕೆಲಸ, ಗೆಳೆಯರು ಹೀಗೆ ಹೆಚ್ಚು ಕಡೆ ಬಳಸಲು ಆದವರಲ್ಲಿ ಖಿನ್ನತೆಯೂ ಕಮ್ಮಿ, ಸಾಯುವ ಯೋಚನೆಯೂ ಕಮ್ಮಿ.

ಈಗ ಮಾತ್ರೆಗಳ ವಿಷಯ. ಇದನ್ನು ಸ್ವಲ್ಪ ಗಮನವಿಟ್ಟು ಕೇಳಿ. ಮೈ ಹೆಣ್ಣಿನಂತಾಗಲಿ ಅಂತ ಎಷ್ಟೋ ಜನ ಡಾಕ್ಟರನ್ನು ಕಾಣದೆ ಮೆಡಿಕಲ್‌ನಿಂದ ಗರ್ಭನಿರೋಧಕ ಮಾತ್ರೆ ತಂದು, ಗೆಳತಿಯರು ಹೇಳಿದಷ್ಟು ನುಂಗುತ್ತಾರೆ. ಅದರಲ್ಲಿರುವ ಈಸ್ಟ್ರೊಜನ್ ಅನ್ನುವ ಹೆಣ್ಣು ಹಾರ್ಮೋನಿನಿಂದ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚು. ಸಿಗರೇಟೂ ಸೇರಿದರೆ ಇನ್ನೂ ಹೆಚ್ಚು. ಲಾಮೊಟ್ರಿಜಿನ್ ಅನ್ನುವ ಮಾತ್ರೆಯನ್ನು ಮೂಡ್ ಏರುಪೇರಿಗೂ ಫಿಟ್ಸ್‌ಗೂ ಕೊಡುತ್ತೇವೆ. ಈ ಗರ್ಭನಿರೋಧಕ ಮಾತ್ರೆ ಜೊತೆಗಿದ್ದರೆ ರಕ್ತದಲ್ಲಿ ಅದರ ಮಟ್ಟ ಸುಮಾರು ಅರ್ಧಕ್ಕೆ ಇಳಿಯಬಹುದು. ಡಾಕ್ಟರಿಗೆ ಗೊತ್ತಿಲ್ಲದಿದ್ದರೆ ಮಾತ್ರೆ ಕೆಲಸ ಮಾಡುತ್ತಿಲ್ಲ ಅಂದುಕೊಳ್ಳುತ್ತಾರೆ. ಗಂಡು ಹಾರ್ಮೋನು ತಗ್ಗಿಸಲು ಕೊಡುವ ಸ್ಪೈರೊನೊಲ್ಯಾಕ್ಟೋನ್, ಮೂಡ್ ಏರುಪೇರಿಗೆ ಕೊಡುವ ಲಿಥಿಯಂನ ಮಟ್ಟವನ್ನು ಏರಿಸಬಹುದು. ಲಿಥಿಯಂ ಏರಿದರೆ ಕೈ ನಡುಕ, ವಾಂತಿ, ತೊದಲು. ಸೈಕೋಸಿಸ್‌ಗೆ ಕೊಡುವ ರಿಸ್ಪೆರಿಡೋನ್‌ನಿಂದ ಕೆಲವರಿಗೆ ಎದೆ ಊದಿಕೊಳ್ಳುತ್ತದೆ, ಹಾಲೂ ಬರಬಹುದು. ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕುವವರಿಗೆ ಅದೆಂಥ ಹಿಂಸೆ, ಯೋಚಿಸಿ. ಅವರಿಗೆ ಬೇರೆ ಮಾತ್ರೆ ಕೊಡಬಹುದು, ಕೇಳಿದರೆ ಮಾತ್ರ.

ಆಪರೇಷನ್ ಆದರೆ ಮನಸ್ಸು ಸರಿಹೋಗುತ್ತದೆಯೇ ಅಂತ ಕೇಳುತ್ತಾರೆ. ಸ್ವೀಡನ್‌ನ ಸಂಶೋಧಕರು ಇಡೀ ದೇಶದ ಆರೋಗ್ಯ ದಾಖಲೆಯಲ್ಲಿ 2,679 ಟ್ರಾನ್ಸ್‌ಜೆಂಡರ್ ಜನರನ್ನು ನೋಡಿ, ಆಪರೇಷನ್ ಆಗಿ ವರ್ಷಗಳು ಕಳೆದಂತೆ ಮನೋವೈದ್ಯರ ಚಿಕಿತ್ಸೆ ಕಮ್ಮಿ ಬೇಕಾಯಿತು ಅಂತ 2019ರಲ್ಲಿ ಬರೆದರು. ಓದಿದವರು ಲೆಕ್ಕದ ಬಗ್ಗೆ ತಕರಾರು ಎತ್ತಿದರು. ಆಪರೇಷನ್ ಆಗದವರ ಜೊತೆ ಹೋಲಿಸಿ ಮತ್ತೆ ನೋಡಿದಾಗ ಆ ಲಾಭ ಕಾಣಲಿಲ್ಲ. 2020ರಲ್ಲಿ ಅದೇ ಪತ್ರಿಕೆ ತಿದ್ದುಪಡಿ ಹಾಕಿತು. ಆಪರೇಷನ್ ಬೇಡ ಅಂತ ಇದರ ಅರ್ಥವಲ್ಲ. ಚಿಕಿತ್ಸೆಗೆ ಹೋಗುವುದು ಕಮ್ಮಿಯಾಯಿತೇ ಅನ್ನುವುದು ಒಂದು ಅಳತೆ, ನೆಮ್ಮದಿ ಸಿಕ್ಕಿತೇ ಅನ್ನುವುದು ಬೇರೆ. ಆದರೆ ಆಪರೇಷನ್ ಆದ ಮೇಲೂ ಖಿನ್ನತೆ ಬಂದರೆ ಗಾಬರಿಯಾಗಬೇಡಿ, ಅದಕ್ಕೆ ಬೇರೆ ಚಿಕಿತ್ಸೆ ಇದೆ ಅಂತ ನಾನು ಮೊದಲೇ ಹೇಳಿಬಿಡುತ್ತೇನೆ.

ಹಾಗೇ, "ಹೇಗಾದರೂ ಮಾಡಿ ಸರಿಮಾಡಿ ಕೊಡಿ" ಅನ್ನುವ ತಂದೆತಾಯಿಗೆ. ಲಿಂಗತ್ವ ಬದಲಾಯಿಸುತ್ತೇನೆ ಅಂತ ಶಾಕ್, ಇಂಜೆಕ್ಷನ್ ಕೊಡುವುದನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಅಂತ ಸಾರಿದೆ. ಮಾಡಿಕೊಡುತ್ತೇನೆ ಅಂದವರಿಗೆ ದುಡ್ಡು ಕೊಡಬೇಡಿ.

ಎಲ್ಲಿಗೆ ಹೋಗುವುದು? ಈ ಜನರಿಗೆಂದೇ ಹೈದರಾಬಾದ್, ಠಾಣೆ, ಪುಣೆಯಲ್ಲಿ ನಡೆಯುತ್ತಿದ್ದ ಮಿತ್ರ್ ಕ್ಲಿನಿಕ್‌ಗಳು 2025ರ ಆರಂಭದಲ್ಲಿ ಅಮೆರಿಕದ ನೆರವು ನಿಂತಾಗ ಮುಚ್ಚಿದವು. ಸುಮ್ನೆ ಮನೆಯಲ್ಲಿ ಕೂರಬೇಡಿ. ಪರೇಲ್‌ನ ಕೆಇಎಂ, ಸಾಯನ್, ನಾಯರ್ ಈ ಮೂರು ಪಾಲಿಕೆ ಆಸ್ಪತ್ರೆಗಳಲ್ಲೂ ಮನೋವೈದ್ಯರ ಒಪಿಡಿ ಇದೆ. ಸಾಂತಾಕ್ರೂಜ್ ವಾಕೋಲಾದ ಹಮ್‌ಸಫರ್ ಟ್ರಸ್ಟ್ 1994ರಿಂದ ಈ ಜನರ ನಡುವೆಯೇ ಕೆಲಸ ಮಾಡುತ್ತಿದೆ. ರಾತ್ರಿ ಹೊತ್ತು ತಡೆಯಲಾರದಷ್ಟು ಸಂಕಟವಾದರೆ ಟೆಲಿ ಮಾನಸ್ ಸಹಾಯವಾಣಿ, 14416. ಇಪ್ಪತ್ನಾಲ್ಕು ಗಂಟೆಯೂ ಇದೆ, ದುಡ್ಡಿಲ್ಲ, ಅದರ ಭಾಷೆಗಳಲ್ಲಿ ಕನ್ನಡವೂ ಇದೆ. ಒಪಿಡಿಗೆ ಬರುವಾಗ ತೆಗೆದುಕೊಳ್ಳುವ ಮಾತ್ರೆಗಳ ಸ್ಟ್ರಿಪ್‌ಗಳನ್ನೆಲ್ಲ, ಗೆಳತಿ ಕೊಟ್ಟದ್ದನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿ ತನ್ನಿ. ಬೈಯುವುದಿಲ್ಲ.

ನಮಸ್ಕಾರ.